ಮಕ್ಕಳ ಬೆಟ್ಟದ ಓಟ: ಏರಿಗಿಂತ ಇಳಿಜಾರಿನ ಲೆಕ್ಕವೇ ಮೊದಲು

ಭಾನುವಾರ ಬೆಳಗಿನ ರಸ್ತೆ ಓಟಗಳು ನಮ್ಮ ನಗರವಾಸಿಗಳಿಗೆ ಹೊಸತಲ್ಲ. ಅವುಗಳ ಬೆನ್ನಿಗೇ ಈಗ ಬೆಟ್ಟದ ಓಟಗಳೂ ರಾಜ್ಯದಲ್ಲಿ ನೆಲೆಯೂರತೊಡಗಿವೆ. ನಂದಿ ಬೆಟ್ಟದ ಸುತ್ತಮುತ್ತ, ಕೊಡಗು-ಚಿಕ್ಕಮಗಳೂರಿನ ತೋಟಗಳ ನಡುವೆ, ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ ಓಡುವವರ ಸಂಖ್ಯೆ ಹೆಚ್ಚುತ್ತಿದೆ. ಇಂಥ ಕಡೆಗಳಲ್ಲಿ ದೊಡ್ಡವರ ಓಟದ ಜೊತೆಗೆ ಮಕ್ಕಳಿಗೂ ಒಂದು ಓಟವನ್ನು ಸೇರಿಸುವುದು ಸಹಜ. ಮೊಬೈಲ್ ಪರದೆಯಿಂದ ಮಕ್ಕಳನ್ನು ಎಬ್ಬಿಸಿ ಗುಡ್ಡ ಹತ್ತಿಸುವ ಯಾವ ಪ್ರಯತ್ನವೂ ಸ್ವಾಗತಾರ್ಹವೇ.

ಆದರೆ ಆ ಓಟವನ್ನು ರೂಪಿಸುವ ಕ್ರಮದಲ್ಲಿ ಒಂದು ತೊಡಕಿದೆ. ದೊಡ್ಡವರಿಗೆ ಹನ್ನೆರಡು ಕಿಲೋಮೀಟರ್ ಇಟ್ಟರೆ ಮಕ್ಕಳಿಗೆ ಆರು ಎಂದು ಅರ್ಧಕ್ಕೆ ಕತ್ತರಿಸಿಬಿಡುವುದು ಸುಲಭದ ದಾರಿ. ಅಪ್ಪನ ಅಂಗಿಯ ತೋಳನ್ನಷ್ಟೇ ಕತ್ತರಿಸಿ ಮಗನಿಗೆ ತೊಡಿಸಿದಂತೆ ಇದು. ತೋಳು ಸರಿಹೋಯಿತು, ಹೆಗಲು ಹಾಗೆಯೇ ಉಳಿಯಿತು. ಬೆಟ್ಟದ ಓಟದಲ್ಲಿ ಹೆಗಲಿನ ಸ್ಥಾನದಲ್ಲಿರುವುದು ದೂರವಲ್ಲ, ಇಳಿಜಾರು.

ದೇಶದಲ್ಲಿ ಈ ಬಗೆಯ ಸ್ಪರ್ಧೆಗಳ ಪೈಕಿ ಹೆಸರಾದದ್ದು ಗುಜರಾತಿನ ಜುನಾಗಢದಲ್ಲಿ ನಡೆಯುವ ಗಿರ್ನಾರ್ ಆರೋಹಣ-ಅವರೋಹಣ ಸ್ಪರ್ಧೆ. ರಾಜ್ಯ ಮಟ್ಟದಲ್ಲಿಯೂ ರಾಷ್ಟ್ರ ಮಟ್ಟದಲ್ಲಿಯೂ ನಡೆಯುವ ಈ ಸ್ಪರ್ಧೆಯಲ್ಲಿ, ಹೆಸರೇ ಹೇಳುವಂತೆ, ಹತ್ತುವುದಷ್ಟೇ ಅಲ್ಲದೆ ಇಳಿಯುವುದಕ್ಕೂ ಗಡಿಯಾರ ಓಡುತ್ತಿರುತ್ತದೆ. ಪುರುಷರು ಮತ್ತು ಬಾಲಕರು ತಪ್ಪಲಿನಿಂದ ಅಂಬಾಜಿ ದೇವಾಲಯದವರೆಗಿನ ಸುಮಾರು 5500 ಮೆಟ್ಟಿಲುಗಳನ್ನು ಏರಿ ಇಳಿಯುತ್ತಾರೆ. ಮಹಿಳೆಯರು ಮತ್ತು ಬಾಲಕಿಯರಿಗೆ ಮಾಳಿ ಪರಬ್‌ವರೆಗಿನ 2200 ಮೆಟ್ಟಿಲು. ಕಿರಿಯರ ವಿಭಾಗ 14ರಿಂದ 18 ವರ್ಷದವರದು. ಹಿರಿಯರದು 19ರಿಂದ 35. ಸ್ಪರ್ಧೆಯ ವೈಭವದ ಬಗ್ಗೆ ಎರಡು ಮಾತಿಲ್ಲ. ಆದರೂ ಈ ಏರ್ಪಾಟನ್ನು ಗಮನವಿಟ್ಟು ನೋಡಿದರೆ ದೂರವನ್ನು ವಿಂಗಡಿಸಿರುವುದು ವಯಸ್ಸಿನಿಂದಲ್ಲ, ಲಿಂಗದಿಂದ ಎಂಬುದು ತಿಳಿಯುತ್ತದೆ. 14 ವರ್ಷದ ಹುಡುಗನೂ 30ರ ಯುವಕನೂ ಇಳಿಯಬೇಕಾದ ಮೆಟ್ಟಿಲುಗಳು ಅಷ್ಟೇ. ಹೊಸದಾಗಿ ಮಕ್ಕಳ ಓಟವನ್ನು ಯೋಜಿಸುವವರು ಪ್ರಶ್ನೆಯನ್ನು ಇಲ್ಲಿಂದಲೇ ಎತ್ತಿಕೊಳ್ಳಬೇಕು.

ಉಸಿರು ಹಿಡಿಯುವ ಲಗಾಮು

ಬೆಟ್ಟ ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂಬ ಸಾಮಾನ್ಯ ಅಭಿಪ್ರಾಯ ಉಸಿರಿನ ಮಟ್ಟಿಗೆ ನಿಜ. ಇಟಲಿಯ ಶರೀರಶಾಸ್ತ್ರಜ್ಞ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಓಟಕ್ಕೆ ತಗಲುವ ಶಕ್ತಿ ಸಮತಟ್ಟು ನೆಲದಲ್ಲಿ ಕಡಿಮೆಯಲ್ಲ. ಶೇ 20ರಷ್ಟು ಇಳಿಜಾರಿನಲ್ಲಿ ಅದು ತೀರಾ ಕಡಿಮೆ, ಸಮತಟ್ಟಿನ ಸುಮಾರು ಅರ್ಧದಷ್ಟು. ಅಂದರೆ ಇಳಿಯುವಾಗ ಎದೆಬಡಿತ ತಗ್ಗುತ್ತದೆ, ಉಸಿರು ಸರಾಗವಾಗುತ್ತದೆ, ಇನ್ನೂ ವೇಗವಾಗಿ ಹೋಗಬಹುದು ಎಂದು ಮನಸ್ಸು ಹೇಳುತ್ತದೆ.

ಕಾಲುಗಳ ಕಥೆಯೇ ಬೇರೆ. ಅಮೆರಿಕದ ಸಂಶೋಧಕರಾದ ಗಾಟ್‌ಶಲ್ ಮತ್ತು ಕ್ರಾಮ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 9 ಡಿಗ್ರಿ ಇಳಿಜಾರಿನಲ್ಲಿ ಓಡಿದಾಗ ಪಾದ ನೆಲಕ್ಕೆ ತಾಗುವ ಹೊಡೆತ ಸಮತಟ್ಟಿನಲ್ಲಿ ಓಡುವುದಕ್ಕಿಂತ ಶೇ 54ರಷ್ಟೂ, ದೇಹವನ್ನು ತಡೆದು ನಿಲ್ಲಿಸುವ ಬಲ ಶೇ 73ರಷ್ಟೂ ಹೆಚ್ಚಿತ್ತು. 9 ಡಿಗ್ರಿಯೆಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಸುಮಾರು 16 ಮೀಟರ್ ಕೆಳಗಿಳಿಯುವ ದಾರಿ. ನಮ್ಮ ಗುಡ್ಡಗಳಲ್ಲಿ ಇದೇನೂ ವಿಶೇಷ ಕಡಿದಲ್ಲ. ಈ ಅಳತೆಗಳು ದೊಡ್ಡವರವು, ಯಂತ್ರದ ಪಟ್ಟಿಯ ಮೇಲೆ ತೆಗೆದವು. ಮಣ್ಣು, ನುರುಜುಗಲ್ಲು, ಬೇರುಗಳಿರುವ ದಾರಿಯಲ್ಲಿ ಲೆಕ್ಕ ಇನ್ನಷ್ಟು ಏರುಪೇರಾಗುತ್ತದೆ.

ಇದರಿಂದ ಹೊರಡುವ ಅರ್ಥ ಸರಳವಾಗಿದೆ. ಏರುವಾಗ ಅತಿ ಉತ್ಸಾಹದ ಹುಡುಗನನ್ನು ಅವನ ಉಸಿರೇ ಲಗಾಮು ಹಾಕಿ ನಿಲ್ಲಿಸುತ್ತದೆ. ಏದುಸಿರು ಬಂದರೆ ನಡೆಯುತ್ತಾನೆ, ಸುಧಾರಿಸಿಕೊಳ್ಳುತ್ತಾನೆ, ಮತ್ತೆ ಓಡುತ್ತಾನೆ, ಅಪಾಯ ಅಲ್ಪ. ಇಳಿಯುವಾಗ ಅಂಥ ಲಗಾಮು ಯಾವುದೂ ಇಲ್ಲ. ದೊಡ್ಡವರಿಗಾದರೆ ಹಿಂದಿನ ಸಲ ಬಿದ್ದ ನೆನಪಿರುತ್ತದೆ, ಮರುದಿನ ಬೆಳಿಗ್ಗೆ ತೊಡೆ ಹಿಡಿದುಕೊಂಡು ಮೆಟ್ಟಿಲಿಳಿದ ಅನುಭವವಿರುತ್ತದೆ. ಹತ್ತು ವರ್ಷದ ಮಗುವಿಗೆ ಆ ನೆನಪು ಎಲ್ಲಿಂದ ಬರಬೇಕು?

ಇದರ ಮೇಲೆ ಬೆಳೆಯುವ ಮೂಳೆಯ ಪ್ರಶ್ನೆಯಿದೆ. ಎತ್ತರ ಅತಿ ವೇಗವಾಗಿ ಹೆಚ್ಚುವ ಕಾಲ ಹುಡುಗಿಯರಲ್ಲಿ 12ರ ಆಸುಪಾಸು, ಹುಡುಗರಲ್ಲಿ 14ರ ಆಸುಪಾಸು. ಈ ಅವಧಿಯಲ್ಲಿ ಮೂಳೆಗಳು ಮೊದಲು ಉದ್ದವಾಗುತ್ತವೆ. ಸ್ನಾಯುಗಳು ಮತ್ತು ಅವುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ನಿಧಾನವಾಗಿ ಹೊಂದಿಕೊಳ್ಳುತ್ತವೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ರಜ್ಜು ಮಂಡಿಚಿಪ್ಪಿನ ಕೆಳಗೆ ಮೊಣಕಾಲಿನ ಮೂಳೆಗೆ ಸೇರುವ ಜಾಗ ಆ ವಯಸ್ಸಿನಲ್ಲಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ದೇಹವನ್ನು ತಡೆದು ಹಿಡಿಯುವುದು ಇದೇ ಸ್ನಾಯು. ಎಳೆತ ಮತ್ತೆ ಮತ್ತೆ ಬಿದ್ದರೆ ಅಲ್ಲಿ ನೋವು, ಊತ, ಗಂಟು ಕಾಣಿಸಿಕೊಳ್ಳುತ್ತದೆ. 1903ರಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ಹೆಸರಿನಲ್ಲಿ ಆಸ್‌ಗುಡ್-ಷ್ಲಾಟರ್ ಎಂದು ಕರೆಯುತ್ತಾರೆ. ಹಿಮ್ಮಡಿಯಲ್ಲಿ ಇಂಥದೇ ತೊಂದರೆಗೆ ಸೀವರ್ ಎಂಬ ಹೆಸರಿದೆ. ಎರಡೂ ಸಾಮಾನ್ಯವಾಗಿ ವಿಶ್ರಾಂತಿಯಿಂದ ವಾಸಿಯಾಗುವಂಥವು, ಹೆದರಬೇಕಾದ್ದಿಲ್ಲ. ಆದರೆ ಕ್ರೀಡೆಯನ್ನು ಪ್ರೀತಿಸಬೇಕಾದ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಕುಂಟುವ ಮಗು ಬೆಟ್ಟದ ಕಡೆ ಮತ್ತೆ ತಿರುಗಿ ನೋಡುವುದು ಅನುಮಾನ.

ನಿಯಮಗಳು ಏನು ಹೇಳುತ್ತವೆ

ಪರ್ವತ ಓಟದ ಅಂತಾರಾಷ್ಟ್ರೀಯ ಸಂಸ್ಥೆ 1984ರಲ್ಲಿ ಹುಟ್ಟಿತು. ಮರುವರ್ಷ ಇಟಲಿಯ ಸಾನ್ ವಿಜಿಲಿಯೊದಲ್ಲಿ ಮೊದಲ ವಿಶ್ವಕಪ್ ನಡೆಯಿತು. ಒಂದು ವರ್ಷ ಬರಿಯ ಏರು, ಮರುವರ್ಷ ಏರು-ಇಳಿವು ಎಂದು ಬಗೆ ಬದಲಿಸುವ ಪದ್ಧತಿ ಅಲ್ಲಿ ಬಹುಕಾಲ ನಡೆದುಬಂತು. ಬರಿಯ ಏರಿನ ಓಟವೂ ಪೂರ್ಣ ಪ್ರಮಾಣದ ಓಟವೇ, ಅದು ಅರೆಬರೆ ಸ್ಪರ್ಧೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮ ಪರ್ವತ ಓಟದ ಸರಾಸರಿ ಏರು ಶೇ 5ರಿಂದ ಶೇ 25ರೊಳಗೆ ಇರಬೇಕೆನ್ನುತ್ತದೆ. ಓಡಲು ಸಾಧ್ಯವಾಗುವಂತಿದ್ದರೆ ಶೇ 10ರಿಂದ 15 ಸೂಕ್ತ ಎಂದೂ ಸೇರಿಸುತ್ತದೆ. ಶೇ 10 ಎಂದರೆ ಒಂದು ಕಿಲೋಮೀಟರಿನಲ್ಲಿ ನೂರು ಮೀಟರ್ ಎತ್ತರ. ಇದು ಪಳಗಿದ ಓಟಗಾರರಿಗೆ ಹೇಳಿದ ಮಾತು. ಮಕ್ಕಳ ಮಟ್ಟಿಗೆ ಈ ಶ್ರೇಣಿಯ ಕೆಳಗಿನ ಅರ್ಧದಲ್ಲಿ ಉಳಿಯುವುದು ಲೇಸು.

ಮಕ್ಕಳಿಗಾಗಿಯೇ ಯೋಚಿಸಿದ ಅನುಭವ ಹೆಚ್ಚಾಗಿರುವುದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ಅಲ್ಲಿನ ಗುಡ್ಡಗಾಡಿನ ಓಟಕ್ಕೆ 'ಫೆಲ್ ರನ್ನಿಂಗ್' ಎಂದು ಹೆಸರು. ಗ್ರಾಸ್‌ಮೀರ್ ಎಂಬ ಹಳ್ಳಿಯ ಕ್ರೀಡೋತ್ಸವದಲ್ಲಿ 19ನೇ ಶತಮಾನದಿಂದ ಗುಡ್ಡದ ಓಟ ನಡೆಯುತ್ತ ಬಂದಿದೆ. ಮೈದಾನದಲ್ಲಿ ಕುಳಿತವರಿಗೆ ಎದುರಿನ ಗುಡ್ಡದ ಮೇಲೆ ಓಡುವವರು ಕಾಣುತ್ತಾರೆ. ದೊಡ್ಡವರ ಓಟದ ಜೊತೆಗೆ ಮಕ್ಕಳಿಗೆ ವಯಸ್ಸಿಗನುಗುಣವಾಗಿ ಪ್ರತ್ಯೇಕ ಓಟಗಳಿವೆ. 1970ರಲ್ಲಿ ಸ್ಥಾಪನೆಯಾದ ಅಲ್ಲಿನ ಓಟಗಾರರ ಸಂಘ ವಯಸ್ಸಿಗೆ ತಕ್ಕಂತೆ ಗರಿಷ್ಠ ದೂರವನ್ನು ಗೊತ್ತುಪಡಿಸಿದೆ. ಹತ್ತು-ಹನ್ನೊಂದರ ಮಕ್ಕಳಿಗೆ ಎರಡು ಮೂರು ಕಿಲೋಮೀಟರ್; ಹದಿನೇಳರವರಿಗೂ ಹತ್ತರ ಗಡಿ ದಾಟಿಸುವುದಿಲ್ಲ. ಒಂದೇ ವಯೋಮಾನದ ಬಾಲಕರಿಗೂ ಬಾಲಕಿಯರಿಗೂ ಒಂದೇ ಮಾರ್ಗ ಎಂಬುದು ಗಮನಿಸತಕ್ಕ ಅಂಶ. ಮಕ್ಕಳ ಬೆಳವಣಿಗೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಹನ್ನೊಂದರ ವಯಸ್ಸಿನಲ್ಲಿ ಹುಡುಗಿಯರೇ ಎತ್ತರದಲ್ಲಿ ಒಂದು ಕೈ ಮೇಲು.

ಮಾರ್ಗವನ್ನು ಕೆಳಗಿನಿಂದ ಬರೆಯುವುದು

ಹಾಗಾದರೆ ಮಾರ್ಗವನ್ನು ಹೇಗೆ ಗುರುತಿಸುವುದು? ಸಂಘಟಕರು ಸಾಮಾನ್ಯವಾಗಿ ಶಿಖರವನ್ನು ನೋಡುತ್ತಾರೆ. ಅಲ್ಲಿ ಗುಡಿಯಿದೆ, ಕೋಟೆಯಿದೆ, ಛಾಯಾಚಿತ್ರಕ್ಕೆ ಚೆನ್ನಾಗಿದೆ, ಮಕ್ಕಳು ಅಲ್ಲಿಯವರೆಗೆ ಹೋಗಿ ಬರಲಿ ಎಂದು ನಿರ್ಧರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೆಲಸ ತಲೆಕೆಳಗಾಗಿ ನಡೆಯಬೇಕು. ಮೊದಲು ಮಕ್ಕಳು ನಿರ್ಭಯವಾಗಿ ಇಳಿಯಬಹುದಾದ ದಾರಿಯನ್ನು ಹುಡುಕಬೇಕು. ಹುಲ್ಲು ಅಥವಾ ಮೆತ್ತನೆಯ ಮಣ್ಣು, ಇಬ್ಬರು ಅಕ್ಕಪಕ್ಕ ಓಡುವಷ್ಟು ಅಗಲ, ಶೇ 8-10ಕ್ಕೆ ಮೀರದ ಇಳಿಜಾರು, ಕೊನೆಯಲ್ಲಿ ಬೇಲಿಯಾಗಲಿ ರಸ್ತೆಯಾಗಲಿ ಇಲ್ಲದ ಸಮತಟ್ಟು ಜಾಗ. ಅಂಥ ದಾರಿ ಗುಡ್ಡದ ಯಾವ ಎತ್ತರದಿಂದ ಶುರುವಾಗುತ್ತದೆಯೋ ಅದೇ ಆ ಮಕ್ಕಳ ಪಾಲಿನ ಶಿಖರ. ಏರುವ ದಾರಿಯನ್ನು ಆಮೇಲೆ ಅದಕ್ಕೆ ಜೋಡಿಸಿಕೊಳ್ಳಬಹುದು.

ಉದಾಹರಣೆಗೆ 12 ವರ್ಷದೊಳಗಿನವರಿಗೆ ಎರಡು ಕಿಲೋಮೀಟರಿನ ಒಂದು ಸುತ್ತನ್ನು ಯೋಚಿಸೋಣ. 800 ಮೀಟರ್ ಏರು, ಅದರಲ್ಲಿ 80 ಮೀಟರ್ ಎತ್ತರ. ಅಂದರೆ ಶೇ 10. ಇನ್ನೊಂದು ಮಗ್ಗುಲಿನಿಂದ 1000 ಮೀಟರ್ ಇಳಿವು. ಅದು ಶೇ 8. ಕಡೆಯ 200 ಮೀಟರ್ ಸಮತಟ್ಟು. ಏರುವುದು ಕಡಿದು, ಇಳಿಯುವುದು ಸೌಮ್ಯ ಎಂಬ ಈ ಅಸಮತೆ ಬೇಕೆಂದೇ ಇಟ್ಟದ್ದು. ಅದೇ ಸುತ್ತನ್ನು ಹಿಮ್ಮುಖವಾಗಿ ಓಡಿಸಿದರೆ ದೂರವೂ ಎತ್ತರವೂ ಬದಲಾಗುವುದಿಲ್ಲ, ಕಾಗದದ ಮೇಲೆ ಎರಡೂ ಒಂದೇ. ಮಂಡಿಗಳಿಗೆ ಮಾತ್ರ ಅದು ಬೇರೆಯೇ ಓಟ. 16ರೊಳಗಿನವರಿಗೆ ಇದೇ ಸುತ್ತನ್ನು ಎರಡು ಬಾರಿ ಓಡಿಸಬಹುದು. ಆದರೆ ಚಿಕ್ಕವರ ಓಟ ಪೂರ್ತಿ ಮುಗಿದು ಎಲ್ಲರೂ ಮರಳಿದ ಮೇಲೆಯೇ ದೊಡ್ಡ ಹುಡುಗರನ್ನು ಬಿಡತಕ್ಕದ್ದು. ಇಳಿಜಾರಿನಲ್ಲಿ ಹಿಂದಿನಿಂದ ಬರುವ 55 ಕಿಲೋ ತೂಕದ ಹುಡುಗ 25 ಕಿಲೋದ ಮಗುವಿಗೆ ಡಿಕ್ಕಿ ಹೊಡೆಯುವುದು ಕಲ್ಪನೆಯ ಮಾತೇನಲ್ಲ. ಹೋದ ದಾರಿಯಲ್ಲೇ ಮರಳುವ ಮಾರ್ಗಗಳಲ್ಲಿ ಈ ಅಪಾಯ ಇಮ್ಮಡಿ, ಏಕೆಂದರೆ ಏರುವವರೂ ಇಳಿಯುವವರೂ ಎದುರುಬದುರಾಗುತ್ತಾರೆ.

ಎತ್ತರವನ್ನು ಅಳೆಯುವಾಗ ಮೊಬೈಲ್ ತೋರಿಸುವ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಮರಗಳ ನಡುವೆ, ಬಂಡೆಗಳ ಮಗ್ಗುಲಲ್ಲಿ ಅದು ಸಾಕಷ್ಟು ತಪ್ಪುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಎತ್ತರದ ಗೆರೆಗಳು ಸಾಮಾನ್ಯವಾಗಿ 20 ಮೀಟರಿಗೊಂದರಂತೆ ಇರುತ್ತವೆ. ಅದರೊಂದಿಗೆ ತಾಳೆ ನೋಡುವುದು ಒಳ್ಳೆಯದು. ಇದಕ್ಕಿಂತ ಉಪಯುಕ್ತವಾದ ಇನ್ನೊಂದು ಪರೀಕ್ಷೆಯಿದೆ. ಆ ವಯಸ್ಸಿನ ಇಬ್ಬರು ಮೂವರು ಮಕ್ಕಳನ್ನು ಕರೆದೊಯ್ದು, ಸ್ಪರ್ಧೆಯ ಮಾತೆತ್ತದೆ, ಆ ದಾರಿಯಲ್ಲಿ ಆಡಿಕೊಂಡು ಬರಲು ಬಿಟ್ಟು ನೋಡಬೇಕು. ಎಲ್ಲಿ ಅವರು ಕೈಯೂರಿ ಕುಳಿತು ಇಳಿಯುತ್ತಾರೋ ಅಲ್ಲಿ ಓಟದ ಮಾರ್ಗ ಹಾಯಬಾರದು.

ಆರಂಭದ ಜಾಗವೂ ಮುಖ್ಯವೇ. ಚಿಕ್ಕ ಮಕ್ಕಳಿಗೆ ಶಕ್ತಿಯನ್ನು ಹಂಚಿಕೊಂಡು ಓಡುವ ವಿದ್ಯೆ ಇನ್ನೂ ಬಂದಿರುವುದಿಲ್ಲ. ಸೀಟಿ ಊದಿದ ಕ್ಷಣವೇ ನೂರು ಮೀಟರ್ ಓಟದಂತೆ ನುಗ್ಗುತ್ತಾರೆ. ಆದ್ದರಿಂದ ಮೊದಲ 300 ಮೀಟರಾದರೂ ಅಗಲವಾದ ಬಯಲಿರಬೇಕು, ಅದೂ ಕೊಂಚ ಏರಿನ ಕಡೆಗೆ. ಏರು ತಾನಾಗಿಯೇ ಗುಂಪನ್ನು ಸಡಿಲಿಸುತ್ತದೆ, ಕಾಲುದಾರಿ ಕಿರಿದಾಗುವ ಹೊತ್ತಿಗೆ ಮಕ್ಕಳು ಸಾಲಾಗಿರುತ್ತಾರೆ. ಇಳಿಜಾರಿನತ್ತ ಮುಖ ಮಾಡಿ ಓಟ ಆರಂಭಿಸುವುದಕ್ಕಿಂತ ಆ ದಿನ ಓಟವನ್ನೇ ಕೈಬಿಡುವುದು ವಾಸಿ.

ಮೆಟ್ಟಿಲಿನ ಪ್ರಶ್ನೆ, ಚಾಮುಂಡಿಯ ಉತ್ತರ

ಕರ್ನಾಟಕದ ಬೆಟ್ಟಗಳಲ್ಲಿ ಬಹಳಷ್ಟಕ್ಕೆ ಇರುವ ಸುಸಜ್ಜಿತ ದಾರಿ ಮೆಟ್ಟಿಲೇ. ಕಲ್ಲಿನ ಮೆಟ್ಟಿಲು ದೊಡ್ಡವರ ಕಾಲಳತೆಗೆ ಕಟ್ಟಿದ್ದು. ಮಗುವಿನ ಕಾಲಿಗೆ ಅದರ ಎತ್ತರ ಹೆಚ್ಚು. ಹೆಜ್ಜೆಯನ್ನು ಕಿರಿದುಮಾಡಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ. ಹತ್ತುವಾಗ ಇದರಿಂದ ಬೇಗ ದಣಿವಾಗುತ್ತದೆ, ಅಷ್ಟೇ. ಓಡುತ್ತ ಇಳಿಯುವಾಗ ಒಂದು ಹೆಜ್ಜೆ ತಪ್ಪಿದರೆ ಮುಂದಿನದು ಕಲ್ಲಿನ ಅಂಚು. ಮಕ್ಕಳನ್ನು ಮೆಟ್ಟಿಲುಗಳ ಮೇಲೆ ಓಡುತ್ತ ಇಳಿಸುವ ಸ್ಪರ್ಧೆ ಕೂಡದು ಎಂದೇ ಹೇಳಬೇಕಾಗುತ್ತದೆ.

ಆದರೆ ಮೆಟ್ಟಿಲನ್ನೇ ಬಿಡಬೇಕಾಗಿಲ್ಲ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ಹತ್ತುವ ಸ್ಪರ್ಧೆಗಳು ಆಗಾಗ ನಡೆಯುತ್ತವೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಅಲ್ಲಿನ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳ ಹಾದಿ ಬರಿಯ ಏರಿನ ಓಟಕ್ಕೆ ಹೇಳಿಮಾಡಿಸಿದಂತಿದೆ. ಬೆಟ್ಟದ ಮೇಲಕ್ಕೆ ಡಾಂಬರು ರಸ್ತೆಯಿದೆ, ಬಸ್ಸು ಓಡಾಡುತ್ತದೆ. ಮಕ್ಕಳು ಹತ್ತಿ ಮುಗಿಸಿದ ಮೇಲೆ ನೀರು ಕುಡಿದು, ಬೆಚ್ಚಗಿನ ಅಂಗಿ ತೊಟ್ಟು, ಬಸ್ಸಿನಲ್ಲಿ ಕೆಳಗಿಳಿಯಬಹುದು. ಇನ್ನೂ ಚಿಕ್ಕವರಿಗೆ ಅರ್ಧಕ್ಕೂ ಹೆಚ್ಚು ಹಾದಿ ಹತ್ತಿದ ಮೇಲೆ ಸಿಗುವ ನಂದಿಯ ಬಳಿ ಓಟವನ್ನು ಮುಗಿಸಬಹುದು. ಅಲ್ಲಿಗೂ ವಾಹನ ಬರುತ್ತದೆ, ಆಂಬುಲೆನ್ಸ್ ನಿಲ್ಲಲು ಜಾಗವಿದೆ. ಶಿಖರ ಮುಟ್ಟಲಿಲ್ಲವೆಂಬ ಕೊರತೆ ದೊಡ್ಡವರಿಗೆ ಕಂಡೀತು. ಅಷ್ಟು ದೊಡ್ಡ ಕಲ್ಲಿನ ಬಸವನ ಮುಂದೆ ಓಟ ಮುಗಿಸಿದ ಎಂಟು ವರ್ಷದವನಿಗೆ ಕಾಣಲಾರದು. ಭಕ್ತರು, ಬೆಳಗಿನ ನಡಿಗೆಯವರು ಅದೇ ಹಾದಿಯಲ್ಲಿರುತ್ತಾರೆ ಎಂಬುದನ್ನು ಮರೆಯದೆ, ವಿಶೇಷ ಪೂಜೆಯ ದಿನಗಳನ್ನು ಬಿಟ್ಟು ದಿನಾಂಕ ಗೊತ್ತುಮಾಡಬೇಕಷ್ಟೆ.

ಎಣಿಕೆ ತಪ್ಪಬಾರದು

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ 100 ಕಿಲೋಮೀಟರ್ ಪರ್ವತ ಓಟದಲ್ಲಿ, ಹಠಾತ್ತನೆ ಎರಗಿದ ಗಾಳಿ, ಮಳೆ ಮತ್ತು ಚಳಿಗೆ ಸಿಲುಕಿ 172 ಓಟಗಾರರ ಪೈಕಿ 21 ಮಂದಿ ಸತ್ತರು. ಅವರಲ್ಲಿ ನುರಿತವರೂ ಇದ್ದರು. ಗಾಳಿ ತಡೆಯುವ ಅಂಗಿಯನ್ನು ಸಂಘಟಕರು ಕಡ್ಡಾಯ ಮಾಡಿರಲಿಲ್ಲ. ನಮ್ಮ ಎರಡು ಕಿಲೋಮೀಟರಿನ ಮಕ್ಕಳ ಓಟವನ್ನು ಅದರ ಜೊತೆ ಹೋಲಿಸುವುದು ಅತಿಯಾದೀತು, ನಿಜ. ಆದರೆ ಬೆಟ್ಟದ ಮೇಲಿನ ಹವೆ ಕೆಳಗಿನ ಹವೆಯಲ್ಲ. ಎಲ್ಲಿ ಯಾರಿದ್ದಾರೆಂದು ತಿಳಿಯದಿದ್ದರೆ ನೆರವು ತಲುಪುವುದೂ ಇಲ್ಲ. ಈ ಎರಡು ಮಾತು ಯಾವ ಬೆಟ್ಟಕ್ಕೂ ಸಲ್ಲುತ್ತದೆ.

ಮಕ್ಕಳ ಓಟದಲ್ಲಿ ಪ್ರತಿ ತಿರುವಿನಲ್ಲಿಯೂ ಒಬ್ಬ ಸ್ವಯಂಸೇವಕ ಇರಬೇಕು. ಒಬ್ಬನಿಗೆ ಮುಂದಿನವನು ಕಾಣುವಂತಿರಬೇಕು. ದಾರಿ ಹುಡುಕುವ ಹೊಣೆಯನ್ನು ಮಗುವಿನ ಮೇಲೆ ಹಾಕಕೂಡದು. ಕೊನೆಯ ಓಟಗಾರನ ಹಿಂದೆ ಒಬ್ಬ ದೊಡ್ಡವರು ನಡೆದು ಬರಬೇಕು. ಆರಂಭದ ಗೆರೆಯಲ್ಲಿ ನಿಂತವರನ್ನು ಎಣಿಸಬೇಕು. ಇದು ಹೆಸರು ನೋಂದಾಯಿಸಿದವರ ಲೆಕ್ಕವಲ್ಲ. ಹಣ ಕಟ್ಟಿ ಬಾರದವರು ಇದ್ದೇ ಇರುತ್ತಾರೆ. ಮುಕ್ತಾಯದಲ್ಲಿ ಇಬ್ಬರು ಬೇರೆಬೇರೆಯಾಗಿ ಎಣಿಸಿ ತಾಳೆ ನೋಡಬೇಕು. ಎದೆಯ ಸಂಖ್ಯಾಪಟ್ಟಿಯ ಒಂದು ತುಂಡನ್ನು ಹರಿದು ತಂತಿಗೆ ಪೋಣಿಸಿಕೊಳ್ಳುವ ಹಳೆಯ ಉಪಾಯ ಇಂದಿಗೂ ಚೆನ್ನಾಗಿ ನಡೆಯುತ್ತದೆ, ನೆಟ್‌ವರ್ಕ್ ಬೇಡ. ಅರ್ಧಕ್ಕೆ ಬಿಟ್ಟ ಮಗು ಅಪ್ಪ-ಅಮ್ಮನ ಜೊತೆ ನೇರವಾಗಿ ಕಾರು ಹತ್ತಿ ಹೊರಟುಹೋಗುವುದು ಎಲ್ಲ ಸಂಘಟಕರ ತಲೆನೋವು. ಆ ಮಗುವನ್ನು ಹುಡುಕುತ್ತ ಹತ್ತು ಜನ ಗುಡ್ಡ ಅಲೆಯಬೇಕಾಗುತ್ತದೆ. ಪೋಷಕರಿಗೆ ಇದನ್ನು ಮೊದಲೇ ಲಿಖಿತವಾಗಿ ತಿಳಿಸಿ ಸಹಿ ಪಡೆಯುವುದು ಕ್ಷೇಮ. ಟೀ ಶರ್ಟು, ಪದಕಗಳಿಗೆ ಧಾರಾಳವಾಗಿ ಖರ್ಚು ಮಾಡುವವರು ಸ್ವಯಂಸೇವಕರ ತಿಂಡಿ, ಸೀಟಿ, ವಾಕಿಟಾಕಿಗಳ ಬಾಬ್ತಿಗೆ ಬಂದಾಗ ಕೈ ಬಿಗಿಹಿಡಿಯುವುದು ವಿಚಿತ್ರವೇ.

ನಮ್ಮ ಬೆಟ್ಟಗಳಿಗೆ ಅವುಗಳದೇ ಆದ ಅಪಾಯಗಳಿವೆ. ಬಂಡೆಗಳ ಮಡಿಲಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಪಟಾಕಿ, ಹೊಗೆ, ಡ್ರೋನ್ ಇವುಗಳಿಂದ ಅದು ಎದ್ದರೆ ಓಟ ಅಲ್ಲಿಗೆ ಮುಗಿದಂತೆ. ವಾರದ ಮುಂಚೆ ಒಮ್ಮೆ, ಹಿಂದಿನ ದಿನ ಮತ್ತೊಮ್ಮೆ ದಾರಿಯನ್ನು ಇದಕ್ಕಾಗಿಯೇ ನೋಡಿಬರಬೇಕು. ಏಪ್ರಿಲ್-ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಸಿಡಿಲಿನ ಭಯ. ಮಲೆನಾಡಿನಲ್ಲಿ ಮಳೆಗಾಲವೆಲ್ಲ ಜಾರುವ ಪಾಚಿ. ನವೆಂಬರಿನಿಂದ ಫೆಬ್ರುವರಿಯವರೆಗಿನ ಬೆಳಗಿನ ಹೊತ್ತು ಒಟ್ಟಿನಲ್ಲಿ ಅನುಕೂಲ. ಆದರೆ ನಂದಿ ಬೆಟ್ಟದಂಥ ಕಡೆ ಮಂಜು ಕವಿದರೆ ಸ್ವಯಂಸೇವಕನಿಗೆ ಮುಂದಿನವನು ಕಾಣುವುದಿಲ್ಲ. ಆಗ ಕಾಯಬೇಕು, ಇಲ್ಲವೇ ತಪ್ಪಲಿನಲ್ಲಿ ಮೊದಲೇ ಗುರುತಿಸಿಟ್ಟ ಬದಲಿ ಮಾರ್ಗದಲ್ಲಿ ಓಡಿಸಬೇಕು. ಬಹಳಷ್ಟು ಗುಡ್ಡಗಳು ಅರಣ್ಯ ಇಲಾಖೆಯ ವಶದಲ್ಲಿವೆ, ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಅನುಮತಿ ಸಿಗದಿರುವುದೂ ಉಂಟು.

ವಯಸ್ಸಿನ ಬಗ್ಗೆ ಒಂದು ಮಾತು. ಕಿರಿಯರ ಅಥ್ಲೆಟಿಕ್ಸ್‌ನಲ್ಲಿ ವಯಸ್ಸು ಮರೆಮಾಚುವ ಪಿಡುಗು ದೇಶದಲ್ಲಿ ಹೊಸತಲ್ಲ. ಮೂಳೆಯ ಪರೀಕ್ಷೆ ಮಾಡಿಸುವವರೆಗೆ ಅದು ಹೋಗಿದೆ. ಬೆಟ್ಟದಲ್ಲಿ ಇದು ಪದಕದ ಮೋಸಕ್ಕಿಂತ ಮಿಗಿಲಾದ ಸಂಗತಿ, ಏಕೆಂದರೆ ದೊಡ್ಡ ಹುಡುಗನ ವೇಗವನ್ನು ಹಿಡಿಯಲು ಚಿಕ್ಕವನು ಇಳಿಜಾರಿನಲ್ಲಿ ತನ್ನ ಮಿತಿ ಮೀರುತ್ತಾನೆ. ನಗದು ಬಹುಮಾನವನ್ನು 16ರ ಕೆಳಗಿನವರ ವಿಭಾಗಗಳಿಂದ ತೆಗೆದುಹಾಕಿದರೆ ಸುಳ್ಳು ಪ್ರಮಾಣಪತ್ರದ ಆಕರ್ಷಣೆ ಅರ್ಧ ಇಳಿಯುತ್ತದೆ. ಏರಿನ ಭಾಗಕ್ಕೆ ಮಾತ್ರ ಸಮಯ ಹಿಡಿದು, ಇಳಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವ ಇನ್ನೊಂದು ಉಪಾಯವೂ ಇದೆ. ಗುಡ್ಡದ ನೆತ್ತಿಯಲ್ಲಿ ಒಬ್ಬರು ಗಡಿಯಾರ ಹಿಡಿದು ನಿಂತರೆ ಸಾಕು. ಅಲ್ಲಿಂದ ಮಕ್ಕಳು ಹತ್ತು ಹದಿನೈದು ಜನರ ಗುಂಪಾಗಿ, ಒಬ್ಬ ದೊಡ್ಡವರ ಹಿಂದೆ ಮಾತನಾಡಿಕೊಂಡು ಇಳಿದು ಬರುತ್ತಾರೆ. ಮೊದಲ ಬಾರಿಗೆ ಮಕ್ಕಳ ಓಟ ನಡೆಸುವ ಶಾಲೆಗಳಿಗೆ, ಸಂಘಗಳಿಗೆ ಈ ಬಗೆಯೇ ಹೆಚ್ಚು ಹೊಂದುತ್ತದೆ. ಇದಕ್ಕೆ ಪ್ರತ್ಯೇಕವಾದ ಇಳಿಯುವ ಮಾರ್ಗ ಬೇಕಿಲ್ಲ, ಸ್ವಯಂಸೇವಕರ ಸಂಖ್ಯೆಯೂ ಅರ್ಧ ಸಾಕು. ಎಣಿಕೆಯನ್ನು ಮಾತ್ರ ನೆತ್ತಿಯಲ್ಲಿ ಒಮ್ಮೆ, ಕೆಳಗೆ ಬಂದ ಮೇಲೆ ಇನ್ನೊಮ್ಮೆ ಮಾಡಬೇಕು.